ಬಾಡದ ಪದದ ಚೀಟಿಗಳು

ತ್ಯಾಗರಾಜನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಒಂದೇ ಒಂದು ಪದದ ಬೆನ್ನು ಹತ್ತಿದ್ದರು. ‘ಅನ್‌ವಿದರ್ಡ್’, ಅಂದರೆ ಇನ್ನೂ ಬಾಡದ್ದು. ಹಳೆಯ ಪುಸ್ತಕಗಳಲ್ಲಿ ಆ ಪದ ಕಂಡ ವಾಕ್ಯವನ್ನೆಲ್ಲ ಚೀಟಿಗೆ ಇಳಿಸಿ, ಬರೆದವರ ಹೆಸರು, ವರ್ಷ ಹಾಕಿ, ಷೂ ಡಬ್ಬದಲ್ಲಿ ಸಾಲಾಗಿ ಜೋಡಿಸುತ್ತಿದ್ದರು.

"ಹೂವಿಗೆ ಹೇಳ್ತಿದ್ರು ಕಣಯ್ಯ, ಮುಖಕ್ಕೆ ಹೇಳ್ತಿದ್ರು, ಕೀರ್ತಿಗೂ ಹೇಳ್ತಿದ್ರು. ಈಗ ಯಾರೂ ಬಳಸೋದೇ ಇಲ್ಲ," ಎಂದು ನನ್ನೆದುರು ಪೇಚಾಡುತ್ತಿದ್ದರು. ನನಗೆ ಒಳಗೊಳಗೇ ನಗು.

ಒಂದು ಸಂಜೆ ಅವರ ಹೆಂಡತಿ ಜಡೆಯ ಕನಕಾಂಬರವನ್ನು ಮುಟ್ಟಿಕೊಂಡು, "ರೀ, ಬೆಳಿಗ್ಗೆ ಮುಡಿದಿದ್ದು, ಇನ್ನೂ ಅನ್‌ವಿದರ್ಡ್! ಬರ್ಕೊಳ್ಳಿ," ಎಂದರು.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಬಾಯಿಮಾತು ನಡೆಯಲ್ಲ ಕಣೇ. ಅಚ್ಚಾಗಿರಬೇಕು."

ಯಾರು ಏನು ಹೇಳಿದರೂ ಅವರದು ಅದೇ ಉತ್ತರ.

ಹೋದ ವರ್ಷ ಆಕೆ ತೀರಿಕೊಂಡರು. ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸಲು ಮೇಷ್ಟ್ರ ಜೊತೆ ನಾನೂ ಹೋದೆ. ಫೋಟೊದ ಕೆಳಗೆ ಹಾಕಲು ಅವರು ಬರೆದುಕೊಟ್ಟ ಸಾಲನ್ನು ಪ್ರೆಸ್ಸಿನವನು ಎರಡು ಸಲ ಓದಿದ.

"ಸಾರ್, ‘ನಿಮ್ಮ ನೆನಪು ಸದಾ ಅಮರ’ ಅಂತ ಹಾಕ್ಲಾ? ಎಲ್ರೂ ಅದನ್ನೇ ಹಾಕಿಸ್ತಾರೆ."

"ಬೇಡಪ್ಪ. ಬರೆದಿರೋ ಹಾಗೇ ಹಾಕು."

ಕಾರ್ಡುಗಳು ಬಂದ ದಿನ ಮೇಷ್ಟ್ರು ಒಂದನ್ನು ಕತ್ತರಿಸಿ, ಆ ಸಾಲನ್ನು ಚೀಟಿಗೆ ಅಂಟಿಸಿದರು: ‘ರೀ, ಬೆಳಿಗ್ಗೆ ಮುಡಿದಿದ್ದು, ಇನ್ನೂ ಅನ್‌ವಿದರ್ಡ್!’ ಪಕ್ಕದಲ್ಲಿ ವರ್ಷ ಹಾಕಿದರು. ಬರೆದವರ ಹೆಸರಿನ ಜಾಗದಲ್ಲಿ ಹೆಂಡತಿಯ ಹೆಸರನ್ನು ಬಿಡಿಸಿ ಬರೆದರು.

ಚೀಟಿಯನ್ನು ಡಬ್ಬದ ಕೊನೆಯಲ್ಲಿ ನಿಲ್ಲಿಸಿ, ಅಡುಗೆಮನೆಯ ಕಡೆ ತಿರುಗಿ, "ಅಚ್ಚಾಯ್ತು ಕಣೇ," ಎಂದರು.