ಪಳಗದ ಕಾರು

ಮೊನ್ನೆ ಮಾಗಿ ಚಳಿಯ ಬೆಳಿಗ್ಗೆ ಮೊಮ್ಮಗಳು ತನ್ನ ಹೊಸ ಕಾರು ಚಾಲೂ ಮಾಡಿದಳು. ಪೆಟ್ರೋಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು, ಅದರ ಹಿಂದೆಯೇ ಟಕಟಕ ಎನ್ನುವ ಸದ್ದು. "ಅಜ್ಜೀ, ತಂದು ಇನ್ನೂ ವಾರ ಆಗಿಲ್ಲ, ಆಗಲೇ ಸದ್ದು ಮಾಡ್ತಿದೆ ನೋಡು" ಎಂದು ಮುಖ ಸಣ್ಣ ಮಾಡಿಕೊಂಡಳು. ಚಳಿಗೆ ಹಾಗೆ, ಎಣ್ಣೆ ಮೇಲೆ ಹತ್ತುವವರೆಗೆ ಸ್ವಲ್ಪ ತಾಳು ಎಂದೆ. ಸೈಕಲ್ಲೂ ತುಳಿಯದ ಮುದುಕಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳು ನನ್ನನ್ನೇ ನೋಡಿದಳು. ಅಷ್ಟರಲ್ಲಿ ಸದ್ದು ತಾನಾಗಿ ಇಳಿಯಿತು. ನಾನು ಮಾತ್ರ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ, ಐವತ್ತರ ದಶಕದ ಒಂದು ಬೀದಿಗೆ ಹೊರಟುಹೋಗಿದ್ದೆ… ಎದುರುಮನೆ ದೊಡ್ಡಪ್ಪನ ಜಗಲಿಯ ಮುಂದಕ್ಕೆ.

ದೊಡ್ಡಪ್ಪ ಎಂದರೆ ರಕ್ತಸಂಬಂಧವೇನೂ ಇರಲಿಲ್ಲ. ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಹೊಗೆಸೊಪ್ಪು ಬೆಳೆಯುತ್ತಿದ್ದ ಅನುಕೂಲಸ್ಥರು. ಆದರೆ ಸುತ್ತಿನ ಹಳ್ಳಿಗಳಲ್ಲಿ ಅವರ ಹೆಸರು ನಿಂತಿದ್ದು ಹೋರಿ ಪಳಗಿಸುವುದರಲ್ಲಿ. ಎಂಥ ಪುಂಡ ಹೋರಿಯಾದರೂ ಅವರ ಕೊಟ್ಟಿಗೆಗೆ ಬಿಟ್ಟರೆ ಸಾಕಿತ್ತು. ಮೊದಲು ಬರೀ ನೊಗ ಹೊರಿಸಿ ನಿಲ್ಲಿಸುವುದು, ಆಮೇಲೆ ಮುದಿ ಎತ್ತಿನ ಜೊತೆ ಖಾಲಿ ಗಾಡಿ, ಆಮೇಲೆ ಅರ್ಧ ಹೇರು. ಬಾರುಕೋಲು ಕೈಗೆ ತೆಗೆದುಕೊಂಡವರಲ್ಲ. ಅವರ ಇನ್ನೊಂದು ಖ್ಯಾತಿ ಎಂದರೆ ಮಾತು. ಶಿವಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿದ ಮೇಲೆ ಆ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ಊರೇ ನಂಬಿತ್ತು. ಬದುವಿನ ಜಗಳವಾದರೂ ಜನ ಅವರ ಜಗಲಿಗೇ ಬರುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ದೊಡ್ಡಪ್ಪ ಮೈಸೂರಿನಿಂದ ಹೊಸ ಕಾರು ತಂದರು. ಬೂದು ಬಣ್ಣದ ಸಣ್ಣ ಕಾರು. ಮೊದಲ ಕೆಲವು ತಿಂಗಳು ಜೋರು ಓಡಿಸಬೇಡಿ, ಭಾರ ಹೇರಬೇಡಿ, ದಿನಾ ಒಂದಿಷ್ಟು ದಾರಿ ಮೆಲ್ಲಗೆ ನಡೆಸಿ, ಇಂಜಿನ್ನು ಹದಕ್ಕೆ ಬರುತ್ತದೆ ಎಂದು ಮಾರಿದವರು ಹೇಳಿ ಕಳಿಸಿದ್ದರಂತೆ. "ಅಂದ್ರೆ ಇದೂ ಎಳೇ ಹೋರಿನೇ ಬುಡು" ಎಂದರು ದೊಡ್ಡಪ್ಪ. ಮೊದಲ ದಿನ ಕಾರನ್ನು ಬೀದಿಯಲ್ಲಿ ಚಾಲೂ ಮಾಡಿ ಸುಮ್ಮನೆ ನಿಲ್ಲಿಸಿದರು, ಅಷ್ಟೇ. ಅದು ನೊಗ ಹೊರಿಸಿದ ಲೆಕ್ಕ. ರಾತ್ರಿ ಚಳಿಗೆ ಬಾನೆಟ್ಟಿನ ಮೇಲೆ ಕಂಬಳಿ ಹೊದಿಸುತ್ತಿದ್ದರು. ಒಂದು ಬೆಳಿಗ್ಗೆ ಪಾಪ, ಚಳಿ ಇನ್ನೂ ಬಿಟ್ಟಿಲ್ಲ ಎಂದು ಕಂಬಳಿಯನ್ನು ಮುಂದಿನ ಜಾಲರಿಗೂ ಇಳಿಬಿಟ್ಟು ಹಾಗೆಯೇ ಹೊರಟು, ಕೆರೆ ಏರಿ ಮುಟ್ಟುವಷ್ಟರಲ್ಲಿ ನೀರು ಕುದಿದು ಬುಸ್ಸೆಂದು ಆವಿ ಎದ್ದಿತು. ಊರು ವಾರಗಟ್ಟಲೆ ನಕ್ಕಿತು.

ನನ್ನ ಕಷ್ಟ ಬೇರೆಯಿತ್ತು. ನಮ್ಮೂರಲ್ಲಿ ಹೈಸ್ಕೂಲು ಇರಲಿಲ್ಲ. ಹುಣಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಕೊನೆಯ ವರ್ಷ, ಸರಿಯಾಗಿ ದಸರಾ ರಜೆಯಲ್ಲಿ ಮಾವನಿಗೆ ವರ್ಗವಾಗಿ ಅವರು ಮನೆ ಖಾಲಿ ಮಾಡಿದರು. ಸಂಜೆ ಬರಲು ಬಸ್ಸಿತ್ತು. ಬೆಳಗಿನ ಬಸ್ಸು ಮಾತ್ರ ಶಾಲೆ ಗಂಟೆ ಹೊಡೆದು ಎಷ್ಟೋ ಹೊತ್ತಾದ ಮೇಲೆ ಹುಣಸೂರು ಸೇರುತ್ತಿತ್ತು. ಓದಿದ್ದು ಸಾಕು, ಮನೆಯಲ್ಲಿರು ಎಂದುಬಿಟ್ಟ ಅಪ್ಪ. ಮೇಷ್ಟ್ರಮ್ಮ ಆಗಬೇಕೆಂದು ನನಗೆ ಚಿಕ್ಕಂದಿನಿಂದ ಹುಚ್ಚು. ಪರೀಕ್ಷೆಗೆ ಕೂರದಿದ್ದರೆ ಆ ಹುಚ್ಚು ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಕೆಟ್ಟವನಲ್ಲ, ಆದರೆ ಹಟಮಾರಿ. ಒಮ್ಮೆ ಆಡಿದ್ದನ್ನು ಬ್ರಹ್ಮ ಬಂದು ಕೇಳಿದರೂ ತಿರುಗಿಸುತ್ತಿರಲಿಲ್ಲ.

ದೊಡ್ಡಪ್ಪ ಬೀದಿ ದಾಟಿ ಬಂದದ್ದು ಆಗ. ನಮ್ಮ ಜಗಲಿಯ ಮೇಲೆ ನಾಲ್ಕಾರು ಜನ ಕೂತಿದ್ದರು.

"ಮಗೀನ ನಾನು ಗಾಡೀಲಿ ಬುಟ್ಟು ಬತ್ತೀನಿ ಕಣಪ್ಪ. ಗಾಡಿಗೂ ದಿನಾ ನಡ್ಯಾಕೆ ಒಂದು ದಾರಿ ಬೇಕು. ಖಾಲಿ ಓಡುಸ್ಕೊಂಡು ಎಲ್ಲಿಗೋಗ್ಲಿ ನಾನು? ನಿನ್ನ ಅತ್ಗೇನೂ ಜೊತೇಲಿ ಬತ್ತಾಳೆ."

ಎಲ್ಲರ ಎದುರು ಇಲ್ಲವೆನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಹೂಂ ಎನ್ನುವುದಕ್ಕೂ ಮನಸ್ಸಿಲ್ಲ. "ಆಯ್ತಣ್ಣ. ನಿನ್ನ ಗಾಡಿ ಪಳಗೋಗಂಟ ಓಗ್ಲಿ. ಪಳಗಿದ ದಿನವೇ ಕೊನೆ. ಆಮ್ಯಾಕೆ ನನ್ನ ಕೇಳ್ಬ್ಯಾಡ" ಎಂದ. ಕೂತವರೆಲ್ಲ ಅದಕ್ಕೆ ಸಾಕ್ಷಿ.

ಅಂದಿನಿಂದ ನನ್ನ ವಿದ್ಯೆ ಆ ಇಂಜಿನ್ನಿನ ಸದ್ದಿಗೆ ಕಟ್ಟುಬಿತ್ತು. ಬೆಳಿಗ್ಗೆ ದೊಡ್ಡಪ್ಪ ಪೂಜೆ ಮುಗಿಸಿ ಬಂದು ಬಾನೆಟ್ಟಿಗೂ ಮೂರು ಗೆರೆ ವಿಭೂತಿ ಎಳೆದು, ಮುಂದೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸುತ್ತಿದ್ದರು. ಚಳಿಗೆ ಇಂಜಿನ್ನು ಕೆಮ್ಮಿ, ಕ್ಯಾಕರಿಸಿ, ಮೈಯೆಲ್ಲ ನಡುಗಿಸಿ ಟಕಟಕ ಎನ್ನುತ್ತಿತ್ತು. ಅಪ್ಪ ನಮ್ಮ ಜಗಲಿಯಿಂದಲೇ ಕೂಗುತ್ತಿದ್ದ, "ಏನಣ್ಣ, ಪಳಗ್ತಾ?" ದೊಡ್ಡಪ್ಪ ಬಾನೆಟ್ಟಿಗೆ ಕಿವಿ ಕೊಟ್ಟು ನಿಂತು, "ಇನ್ನೂವೆ ಸದ್ದು ಐತೆ ಕಣಪ್ಪ" ಎನ್ನುತ್ತಿದ್ದರು. ಆ ಕರ್ಕಶ ಸದ್ದಿನಷ್ಟು ಇಂಪಾದುದನ್ನು ನಾನು ಮತ್ತೆ ಕೇಳಿಲ್ಲ. ದೊಡ್ಡಮ್ಮ ಹಿಂದೆ ಕೂತು ದಾರಿಯುದ್ದಕ್ಕೂ ದೀಪದ ಬತ್ತಿ ಹೊಸೆಯುತ್ತಿದ್ದರು. ಎತ್ತಿನ ಗಾಡಿಗಳಷ್ಟೇ ನಮ್ಮ ಹಿಂದೆ ಬೀಳುತ್ತಿದ್ದವು, ಸೈಕಲ್ಲಿನವರು ಗಂಟೆ ಬಾರಿಸಿಕೊಂಡು ಮುಂದೆ ಹೋಗುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತು. ಪರೀಕ್ಷೆ ಇನ್ನೂ ಉಳಿದಿತ್ತು, ಸದ್ದು ಮಾತ್ರ ದಿನದಿನಕ್ಕೆ ಸಣ್ಣದಾಗುತ್ತ ಬಂತು. ಒಂದು ಬೆಳಿಗ್ಗೆಯಂತೂ ಇಂಜಿನ್ನು ಒಂದೇ ತಿರುವಿಗೆ ಹೊತ್ತಿಕೊಂಡು, ಹಾಲು ಕುಡಿದ ಕೂಸಿನ ಹಾಗೆ ತಣ್ಣಗೆ ಗುರುಗುಟ್ಟಿತು. ಪುಣ್ಯಕ್ಕೆ ಅಪ್ಪ ಗದ್ದೆಗೆ ಹೋಗಿದ್ದ. ಹುಣಸೂರು ಹತ್ತಿರ ಬಂದಾಗ ದೊಡ್ಡಪ್ಪ ಹೇಳಿದರು. "ಗಾಡಿ ಪಳಗೈತೆ ಕಣವ್ವ. ನಾಳೀಕೆ ನಿಮ್ಮಪ್ಪ ಕೇಳುದ್ರೆ ನಾನು ಇದ್ದುದ್ದ ಇದ್ದಂಗೇ ಯೋಳ್ಬೇಕಾಯ್ತದೆ."

ದೊಡ್ಡಮ್ಮನ ಕೈಯಲ್ಲಿ ಬತ್ತಿ ನಿಂತುಹೋಯಿತು. ಒಂದು ಸುಳ್ಳು ಹೇಳಿ ದೊಡ್ಡಪ್ಪ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು, ಕೇಳಲಾಗಲಿಲ್ಲ. ಆ ಹಣೆಯ ವಿಭೂತಿ ನೋಡಿಕೊಂಡು ಹಾಗೆ ಕೇಳುವುದು ಹೇಗೆ? ಸಂಜೆ ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಹೊಗೆಯ ನೆಪದಲ್ಲಿ, ಅಮ್ಮನ ಸೆರಗು ಹಿಡಿದು ಎಲ್ಲ ಹೇಳಿಕೊಂಡು ಅತ್ತೆ. ಅಪ್ಪ ಹಜಾರದಲ್ಲಿ ಡಬ್ಬಿ ಬಿಚ್ಚಿಕೊಂಡು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

ಬೆಳಿಗ್ಗೆ ಪುಸ್ತಕದ ಚೀಲ ಹಿಡಿದು ಬೀದಿಗೆ ಇಳಿದೆ. ದೊಡ್ಡಪ್ಪ ಹ್ಯಾಂಡಲ್ ತಿರುಗಿಸಿದರು. ಇಂಜಿನ್ನು ಹೊತ್ತಿಕೊಂಡಿತು, ಅದರ ಜೊತೆಗೆ ಲೊಟಲೊಟ, ಲೊಟಲೊಟ ಎಂದು ಹಿಂದೆಂದೂ ಕೇಳದ ಸದ್ದು! ದೊಡ್ಡಪ್ಪ ಬೆಚ್ಚಿ ಬಾನೆಟ್ ಎತ್ತಿದರು. ಒಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದರು. ಮೆಲ್ಲಗೆ ಮುಚ್ಚಿದರು.

"ಏನಣ್ಣ, ಪಳಗ್ತಾ?" ಎಂದು ಕೂಗಿದ ಅಪ್ಪ.

"ಸದ್ದು ಐತೆ ಕಣಪ್ಪ" ಎಂದರು ದೊಡ್ಡಪ್ಪ. "ಜಾಸ್ತಿನೇ ಐತೆ."

ಕಾರು ಕೆರೆ ಏರಿಯ ಮೇಲೆ ಬಂದಾಗ ಇಂಜಿನ್ನಿನ ನೀರು ನೋಡಬೇಕೆಂದು ಇಳಿದು ಬಾನೆಟ್ ಎತ್ತಿದರು. ಅಲ್ಲಿಂದಾಚೆಗೆ ಸದ್ದು ಇರಲಿಲ್ಲ. ಮುಂದೆ ದಿನಾ ಅಷ್ಟೇ. ಕಾರು ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದುಕೊಂಡು ನಾನು ಪುಸ್ತಕ ಬಿಡಿಸುತ್ತಿದ್ದೆ. ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಗಲಾಟೆ. ಅಪ್ಪನ ಎಲೆಯಡಿಕೆ ಡಬ್ಬಿ ಕಾಣೆಯಾಗಿ, ನೀವೇ ಎಲ್ಲೋ ಬಿಸಾಕಿದ್ದೀರಿ ಎಂದು ಅವನು ಮನೆಮಂದಿಯನ್ನೆಲ್ಲ ಬೈದು, ಎಲೆಯನ್ನು ಪಂಚೆಯ ಅಂಚಿಗೆ ಕಟ್ಟಿಕೊಂಡು ಓಡಾಡುತ್ತಿದ್ದ.

ಊರಿನ ಬಾಯಿ ಬಿಡುತ್ತದೆಯೇ? "ಎಂತೆಂಥ ಹೋರಿ ಪಳಗಿಸ್ದೋರು, ಒಂದು ತಗಡಿನ ಡಬ್ಬಕ್ಕೆ ಸೋತೋದ್ರಲ್ಲಾ" ಎಂದು ಅವರ ಎದುರಿಗೇ ನಗುತ್ತಿದ್ದರು. ಹೋರಿ ಪಳಗಿಸಲು ಕೊಡುತ್ತಿದ್ದ ಒಬ್ಬಿಬ್ಬರು ಬೇರೆಯವರ ಹತ್ತಿರ ಹೋದರು. ದೊಡ್ಡಪ್ಪನಿಗೆ ಅದು ನೋಯದೇ ಇರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ನಕ್ಕು ಸುಮ್ಮನಾಗುತ್ತಿದ್ದರು. ನನ್ನ ಕೊನೆಯ ಪರೀಕ್ಷೆ ಮುಗಿದ ಮರುದಿನ ಕಾರು ಒಂದು ಚೂರೂ ಲೊಟಗುಟ್ಟದೆ ಚಾಲೂ ಆಯಿತು. ಅಂದು ಅಪ್ಪ ಜಗಲಿಯಲ್ಲಿದ್ದರೂ ಏನೂ ಕೇಳಲಿಲ್ಲ.

ನಾನು ಪಾಸಾದೆ, ಟ್ರೈನಿಂಗ್ ಮುಗಿಸಿದೆ, ಹ್ಯಾಂಡ್‌ಪೋಸ್ಟ್ ಎನ್ನುವ ಊರಿನ ಹತ್ತಿರದ ಶಾಲೆಗೆ ಮೇಷ್ಟ್ರಮ್ಮನಾಗಿಯೂ ಹೋದೆ. ಎಷ್ಟೋ ವರ್ಷಗಳ ಮೇಲೆ ಅಪ್ಪ ತೀರಿಕೊಂಡ. ಕಾರ್ಯವೆಲ್ಲ ಮುಗಿದ ಸಂಜೆ ದೊಡ್ಡಪ್ಪ ಕೋಲೂರಿಕೊಂಡು ಬೀದಿ ದಾಟಿ ಬಂದು, ಪಂಚೆಯ ಮಡಿಕೆಯಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಅಪ್ಪನ ಎಲೆಯಡಿಕೆ ಡಬ್ಬಿ. ಒಳಗೆ ಹಿಡಿ ಹುಣಸೆ ಬೀಜ, ಮೇಲೆ ಕಟ್ಟಿದ ಗೋಣಿದಾರ ಇನ್ನೂ ಹಾಗೆಯೇ ಇತ್ತು.

"ನಿಮ್ಮಪ್ಪನೇ ಇದ್ನ ಇಂಜಿನ್ ಪಕ್ಕ ಕಟ್ಟಿದ್ದ ಕಣವ್ವ. ಬಾನೆಟ್ ಎತ್ತೋದ್ನ ಅವನಿಗೆ ಯಾರು ಯೋಳ್ಕೊಟ್ರೋ ಕಾಣೆ. ನೀನು ಅತ್ತುದ್ದು ಕೇಳುಸ್ಕೊಂಡಿರ್ಬೇಕು. ಜನದ ಮುಂದೆ ಆಡಿದ್ದ ಮಾತ ತಿರುಗ್ಸಾಕೆ ಅವನಿಂದಾಗ್ಲಿಲ್ಲ. ನನಗೂ ಸುಳ್ಳೇಳಾಕೆ ಆಯ್ತಿರಲಿಲ್ಲ. ಸದ್ದು ಐತಾ ಅಂದ್ರೆ ಐತೆ… ಅದು ನಿಜ ತಾನೆ? ಹೋಗೋವಾಗ ಕೆರೆ ಏರಿ ಮೇಲೆ ಬಿಚ್ಚಿ ಇಟ್ಕೊತಿದ್ದೆ. ನಿನ್ನ ಬುಟ್ಟು ವಾಪಸ್ ಬರೋವಾಗ ತಿರ್ಗಾ ಕಟ್ತಿದ್ದೆ."

"ಅಪ್ಪನನ್ನ ಕೇಳಲಿಲ್ವಾ ದೊಡ್ಡಪ್ಪ?"

"ನಾನೂ ಕೇಳ್ಲಿಲ್ಲ, ಅವನೂ ಯೋಳ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು. ನಾನು ಅವರ ಕಾಲು ಹಿಡಿದು ಅತ್ತೆ. ಒಬ್ಬ ತನ್ನ ಹಟ ಬಿಡದೆ, ಇನ್ನೊಬ್ಬರು ತಮ್ಮ ಸತ್ಯ ಬಿಡದೆ, ಇಬ್ಬರೂ ಸೇರಿ ನನ್ನನ್ನು ದಡ ಮುಟ್ಟಿಸಿದ್ದರು. ಮುಂದಿನ ಬೇಸಿಗೆಗೆ ದೊಡ್ಡಪ್ಪನೂ ಹೋದರು. ಕಾರು ಯಾರ ಪಾಲಾಯಿತೋ…

ನಿನ್ನೆ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಮೊಮ್ಮಗಳು ಕಾರು ಚಾಲೂ ಮಾಡಿ ಕಿಟಕಿಯಿಂದ ತಲೆ ಹೊರಹಾಕಿ, "ಅಜ್ಜೀ, ಇವತ್ತು ಸದ್ದೇ ಇಲ್ಲ. ಸರಿಹೋಯ್ತು ಅಲ್ವಾ?" ಎಂದಳು. ಅಭ್ಯಾಸಬಲದಿಂದ ನಾನು ಎದುರುಮನೆಯತ್ತ ನೋಡಿದೆ. ಅಲ್ಲಿ ಅಪಾರ್ಟ್‌ಮೆಂಟಿನ ಗೇಟು. ಉತ್ತರ ಹೇಳಬೇಕಾದವರು ಯಾರೂ ಇಲ್ಲ, ಕೇಳಬೇಕಾದವನೂ ಇಲ್ಲ. ಒಳಗೆ ಹೋಗಿ ಕಪಾಟಿನಿಂದ ಡಬ್ಬಿ ತಂದು, ಅವಳ ಪಕ್ಕದಲ್ಲಿ ಕೂತು ಮಡಿಲಲ್ಲಿ ಇಟ್ಟುಕೊಂಡೆ.

"ಎಲ್ಲಿಗಜ್ಜೀ?"

"ಹುಣಸೂರಿನ ಕಡೆ ನಡಿ. ಮೆಲ್ಲಗೆ."

ಕಾರು ಕದಲಿತು. ಮಡಿಲಲ್ಲಿ ಡಬ್ಬಿ ಲೊಟಲೊಟ ಎಂದಿತು. "ಏನಜ್ಜೀ ಅದು ಸದ್ದು?" ಎಂದಳು.

"ಇನ್ನೂ ಪಳಗಿಲ್ಲ ಕಣವ್ವ" ಎಂದೆ.