ಗಣಿಯೂರಿನ ಕೊನೆಯ ಠಸ್ಸೆ

ನನ್ನ ಹುಚ್ಚು ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಗಣಿಯೂರುಗಳ ಅಂಚೆ ಠಸ್ಸೆ ಬಿದ್ದ ಲಕೋಟೆಗಳನ್ನು ಕೂಡಿಡುತ್ತೇನೆ. ಬರೀ ಸ್ಟ್ಯಾಂಪಲ್ಲ, ಇಡೀ ಲಕೋಟೆ. ಚಿನ್ನ ಸಿಕ್ಕಿತು, ಬೆಳ್ಳಿ ಸಿಕ್ಕಿತು ಎಂದು ಕಾಡು ಕಡಿದು ಗಡಿಬಿಡಿಯಲ್ಲಿ ಕಟ್ಟಿದ ಊರುಗಳು ಉತ್ತರ ಒಂಟಾರಿಯೋದಲ್ಲಿ ಬೇಕಾದಷ್ಟಿವೆ. ಅಲ್ಲಿಂದ ಯಾರೋ ಯಾರಿಗೋ ಬರೆದ ಕಾಗದ ಎಲ್ಲಿ ಹೋಯಿತೋ, ಅದರ ಲಕೋಟೆ ಮಾತ್ರ ಬರ್ಲಿಂಗ್ಟನ್ನಿನ ನಮ್ಮ ಡೈನಿಂಗ್ ಟೇಬಲ್ಲಿಗೆ ಬಂದು ಕೂತಿರುತ್ತದೆ. ದುಂಡನೆಯ ಠಸ್ಸೆಯೊಳಗೆ ಊರಿನ ಹೆಸರು ನಿಚ್ಚಳವಾಗಿ ಓದಲು ಬಂದರೆ ಆ ದಿನ ನನಗೆ ಊಟವೂ ಬೇಡ. ಮಗಳು ಬಂದಾಗಲೆಲ್ಲ ಕಣ್ಣು ತಿರುಗಿಸಿ, "ಅಮ್ಮಾ, ಇಟ್ಸ್ ಜಸ್ಟ್ ಆ್ಯನ್ ಎನ್ವಲಪ್" ಎನ್ನುತ್ತಾಳೆ. ಅವಳಿಗೇನು ಗೊತ್ತು! ಅವಳು ಹುಟ್ಟಿದ್ದು ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ. ನಾನು ಹುಟ್ಟಿದ್ದು ಹಟ್ಟಿ ಚಿನ್ನದ ಗಣಿಯ ಕಾಲನಿಯಲ್ಲಿ, ಶಿಫ್ಟಿನ ಸೈರನ್ ಕೇಳಿ ಎದ್ದು ಹಲ್ಲುಜ್ಜಿದವಳು.

ಆಲ್ಬಮ್ಮಿನಲ್ಲಿ ಒಂದೇ ಒಂದು ಹಾಳೆ ಖಾಲಿ ಇತ್ತು, ಅದೂ ಮೊದಲನೆಯದು. ಆ ಹಾಳೆಯ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಸಂಗ್ರಾಹಕರೆಲ್ಲ ಮುಗಿಬೀಳುತ್ತಾರೆ, ಅವರ ಬುದ್ಧಿ ನನಗೆ ಚೆನ್ನಾಗಿ ಗೊತ್ತು. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಆ ಊರಿನ ಗಣಿಯಲ್ಲಿ ಎಂಜಿನಿಯರಾಗಿ ಒಂದು ಚಳಿಗಾಲ ಕಳೆದರು. ನಾನು ವೀಸಾ ಕಾಯುತ್ತ ಹಟ್ಟಿಯಲ್ಲೇ ಇದ್ದೆ. ವಾರ ತಪ್ಪದೆ ಅವರ ಕಾಗದ ಬರುತ್ತಿತ್ತು. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬರೆಯುವ ಮನುಷ್ಯ, ಹಾಗಾಗಿ ಲಕೋಟೆ ಲಕೋಟೆಯ ಮೇಲೂ ತುಪ್ಪದ ಕಲೆ. ಜನರನ್ನು ಗಣಿಯೊಳಕ್ಕೆ ಇಳಿಸುವ ಯಂತ್ರ ನಡೆಸುತ್ತಿದ್ದ ನನ್ನ ಅಪ್ಪ ಅದನ್ನು ಮೂಗಿಗೆ ಹಿಡಿದು, "ಅಳಿಯಂದ್ರ ಕಾಗದ ಬಂತು ನೋಡವಾ, ಓಣಿಗೆಲ್ಲಾ ತುಪ್ಪದ ವಾಸನಿ!" ಎಂದು ಕೂಗಿ ನನ್ನ ಮಾನ ಹರಾಜು ಹಾಕುತ್ತಿದ್ದರು.

ಆ ಕಾಗದಗಳನ್ನೆಲ್ಲ ಕಟ್ಟಿಕೊಂಡೇ ಕೆನಡಾಕ್ಕೆ ಬಂದೆ. ನಮ್ಮ ಮೊದಲ ಮನೆಯ ಬೇಸ್‌ಮೆಂಟಿಗೆ ಹಿಮ ಕರಗುವ ಹೊತ್ತಿನಲ್ಲಿ ನೀರು ನುಗ್ಗಿ ಎಲ್ಲವೂ ಮುದ್ದೆಯಾಯಿತು. ತವರು ಬಿಡುವಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಈ ಹುಚ್ಚು ಅಂಟಿಕೊಂಡದ್ದು ಆಮೇಲೆ, ಆದರೆ ಆ ಮೊದಲ ಹಾಳೆಗೆ ಬೇರೆ ಯಾರದೋ ಲಕೋಟೆ ಹಚ್ಚಲು ಮನಸ್ಸು ಬರಲಿಲ್ಲ.

ಹೋದ ವರ್ಷ ಒಶಾವಾದ ಚರ್ಚೊಂದರಲ್ಲಿ ಸಂಗ್ರಾಹಕರೆಲ್ಲ ಸೇರಿದ್ದಾಗ ಒಬ್ಬರು, ಆ ಊರಿನ ಪೋಸ್ಟಾಫೀಸು ತಿಂಗಳ ಕೊನೆಗೆ ಮುಚ್ಚುತ್ತದಂತೆ, ಅಲ್ಲಿರುವ ಒಬ್ಬಳೇ ಹೆಂಗಸಿನ ಕೆಲಸವೂ ಹೋಗುತ್ತದಂತೆ ಎಂದರು. ಪೋಸ್ಟಾಫೀಸು ಹೋದರೆ ಠಸ್ಸೆಯೂ ಹೋದಂತೆ. ಇದಕ್ಕೊಂದು ಉಪಾಯವಿದೆ. ಲಕೋಟೆಗೆ ಸ್ಟ್ಯಾಂಪು ಹಚ್ಚಿ, ವಿಳಾಸ ಬರೆದು, ಅದನ್ನು ಇನ್ನೊಂದು ದೊಡ್ಡ ಲಕೋಟೆಯಲ್ಲಿಟ್ಟು, ದಯವಿಟ್ಟು ಕೈಯಿಂದಲೇ ಠಸ್ಸೆ ಒತ್ತಿ, ಮೇಲಿನ ವಿಳಾಸ ಯಾವುದೇ ಇದ್ದರೂ ನಮಗೇ ಮರಳಿ ಕಳಿಸಿ ಎಂದು ಅಲ್ಲಿಯವರನ್ನು ಕೇಳಿಕೊಳ್ಳಬೇಕು. ಮನೆಗೆ ಬಂದವಳೇ ಇವರನ್ನು ಟೇಬಲ್ಲಿಗೆ ಕೂರಿಸಿ, ಕೈಗೆ ಪೆನ್ನು ಕೊಟ್ಟು, ಹಟ್ಟಿಯ ನನ್ನ ಹಳೇ ವಿಳಾಸ ಬರೆಸಿದೆ. ಒಂದಕ್ಷರವೂ ಮರೆತಿರಲಿಲ್ಲ, ಪುಣ್ಯಾತ್ಮ. ಪೋಸ್ಟ್ ಮಾಡಿ ಬನ್ನಿ ಎಂದು ಮರುದಿನ ಅಟ್ಟಿದೆ.

ಗೆದ್ದ ಮುಖ ಮಾಡಿಕೊಂಡು ವಾಪಸ್ ಬಂದರು. "ಪಾರ್ಸಲ್ಲೇ ಮಾಡ್ಬಿಟ್ಟೆ ಕಣೇ. ನಿನ್ನೆ ಮಾಡಿದ್ನಲ್ಲ ಮೈಸೂರು ಪಾಕು, ಅದನ್ನ ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ನಿನ್ನ ಕವರ್ ಇಟ್ಟೆ. ಒಂಚೂರೂ ಮುದುರಲ್ಲ ನೋಡು."

ನಿವೃತ್ತರಾದ ಮೇಲೆ ಅಡಿಗೆಮನೆ ಇವರ ಪಾಲಾಗಿದೆ, ತುಪ್ಪ ಸುರಿಯುವುದರಲ್ಲಿ ಎತ್ತಿದ ಕೈ.

"ತಲಿ ಗಿಲಿ ಕೆಟ್ಟೈತೇನ್ರೀ ನಿಮಗ? ಎನ್ವಲಪ್ಪಿಗೆ ತುಪ್ಪದಾಗ ಸ್ನಾನಾ ಮಾಡಿಸಿ ಕಳಿಸೀರಲ್ಲ! ಠಸ್ಸಿ ಹ್ಯಾಂಗ ಕೂಡಬೇಕು ಅದರ ಮ್ಯಾಲ?"

"ಬರಿಗೈಲಿ ಕೇಳಕ್ಕಾಗತ್ತೇನೇ? ಪಾಪ, ಆಯಮ್ಮನ ಕೆಲಸ ಬೇರೆ ಮುಗೀತಾ ಇದೆ" ಎಂದರು, ನಾನೇ ಕಟುಕಿ ಎಂಬಂತೆ ನೋಡುತ್ತ.

ಆ ವಾರ ನಮ್ಮ ಮನೆಯಲ್ಲಿ ಮಾತು ತುಟ್ಟಿಯಾಯಿತು. ಇವರು ಚಹಾ ತಂದಿಟ್ಟರೆ ಕುಡಿಯುತ್ತಿದ್ದೆ, ಮುಖ ಮಾತ್ರ ಕಿಟಕಿಯ ಕಡೆ. ತಿಂಗಳೂ ಮುಗಿಯಿತು. ಇನ್ನೊಂದು ಲಕೋಟೆ ಕಳಿಸೋಣವೆಂದರೆ ಒತ್ತಲು ಠಸ್ಸೆಯೇ ಇಲ್ಲ. ಹೋಯಿತು, ಎರಡನೇ ಸಲವೂ ನೀರುಪಾಲು ಎಂದುಕೊಂಡೆ.

ಒಂದು ಮಧ್ಯಾಹ್ನ ರಸ್ತೆಯ ಕೊನೆಗಿರುವ ಮೇಲ್‌ಬಾಕ್ಸುಗಳಲ್ಲಿ ನಮ್ಮದನ್ನು ತೆರೆದರೆ ಒಳಗೊಂದು ಕೀಲಿಕೈ. ಪಾರ್ಸಲ್ ಬಂದಿದೆಯೆಂದರೆ ಹೀಗೆ ದೊಡ್ಡ ಖಾನೆಯ ಕೀಲಿಕೈ ಇಟ್ಟಿರುತ್ತಾರೆ. ಖಾನೆಯಲ್ಲಿ ಆ ಊರಿನಿಂದಲೇ ಬಂದ ಪೊಟ್ಟಣ! ಅಲ್ಲೇ ಹಲ್ಲಿನಿಂದ ಟೇಪು ಕಿತ್ತೆ. ನಮ್ಮದೇ ಸ್ಟೀಲ್ ಡಬ್ಬಿ. ತುಂಬ ಬ್ಲೂಬೆರಿ ಬಿಸ್ಕತ್ತು. ಜೊತೆಗೆ ಪೋಸ್ಟಾಫೀಸಿನ ಆ ಹೆಂಗಸಿನ ಎರಡು ಸಾಲು: ಇಷ್ಟು ಒಳ್ಳೆಯ ಸಿಹಿ ತಿಂದ ಮೇಲೆ ಡಬ್ಬಿ ಖಾಲಿ ಕಳಿಸಲು ಮನಸ್ಸಾಗಲಿಲ್ಲ, ನಿಮ್ಮ ಲಕೋಟೆಗೆ ಜಿಡ್ಡಾಗಿತ್ತು, ಅದಕ್ಕೇ ಹೊಸದೊಂದನ್ನೂ ಮಾಡಿ ಇಟ್ಟಿದ್ದೇನೆ. ಅಯ್ಯೋ, ಡಬ್ಬಿ ಖಾಲಿ ಕಳಿಸಬಾರದೆಂದು ಈಕೆಗೆ ಯಾರು ಹೇಳಿಕೊಟ್ಟರು! ನಾನು ಮನೆ ಚಪ್ಪಲಿಯಲ್ಲೇ ರಸ್ತೆಬದಿಯಲ್ಲಿ ಕುಣಿದೆ. ಎದುರು ಮನೆಯ ಪಂಜಾಬಿ ಹೆಂಗಸು ಕಾರಿನ ಗಾಜು ಇಳಿಸಿ, "ಲಾಟರಿ ಲಗ್ ಗಯೀ ಕ್ಯಾ?" ಎಂದಳು. ಅವಳ ಬಾಯಿಗೂ ಒಂದು ಬಿಸ್ಕತ್ತು ತುರುಕಿದೆ.

ಮನೆಗೆ ಬಂದು ಎರಡೂ ಲಕೋಟೆಗಳನ್ನು ಟೇಬಲ್ಲಿನ ಮೇಲಿಟ್ಟೆ. ಹೊಸದರ ಮೇಲೆ ಆಕೆ ಹಟ್ಟಿಯ ವಿಳಾಸವನ್ನು ಅಕ್ಷರ ಅಕ್ಷರ ನೋಡಿ ಬರೆದಿದ್ದಳು. ಠಸ್ಸೆ ಎಷ್ಟು ದುಂಡಗೆ, ಎಷ್ಟು ಕಪ್ಪಗೆ ಕೂತಿತ್ತೆಂದರೆ, ಎಂಥ ಸಂಗ್ರಾಹಕನೂ ಕೈ ಮುಗಿಯಬೇಕು. ಇನ್ನೊಂದು ಇವರ ಕೈಬರಹದ್ದು. ಠಸ್ಸೆ ಅರ್ಧ ಮೂಡಿತ್ತು, ಉಳಿದರ್ಧ ಜಿಡ್ಡಿನಲ್ಲಿ ಹರಡಿತ್ತು, ಮೂಲೆಯಲ್ಲಿ ತುಪ್ಪ ಹೀರಿದ ಕಾಗದ ಪಾರದರ್ಶಕವಾಗಿತ್ತು. ಅದನ್ನು ಎತ್ತಿ ಸುಮ್ಮನೆ ಮೂಗಿಗೆ ಹಿಡಿದೆ.

ಓಣಿಗೆಲ್ಲಾ ತುಪ್ಪದ ವಾಸನಿ. ನಗುವೂ ಅಳುವೂ ಒಟ್ಟಿಗೇ ಬಂದು ಮೂಗು ಸುರಿಯತೊಡಗಿತು. ಆಲ್ಬಮ್ಮಿನ ಮೊದಲ ಹಾಳೆಗೆ ಅದನ್ನೇ ಸೇರಿಸಿದೆ.

ಇವರು ಬಾಗಿಲಲ್ಲಿ ಸೌಟು ಹಿಡಿದು ನಿಂತು, ಹೆದರಿಕೊಂಡೇ ಕೇಳಿದರು. "ಆ ಚೆನ್ನಾಗಿರೋದನ್ನ ಏನ್ ಮಾಡ್ತೀಯೇ?"

"ಯಾರರ ಕಲೆಕ್ಟ್ ಮಾಡೋರಿಗೆ ಕೊಟ್ಟುಬಿಡತೀನಿ ಬಿಡ್ರೀ" ಎಂದೆ.