ಸಾಲಿನ ನೆತ್ತಿಯ ಮೇಲಿನ ಪೆನ್ಸಿಲ್

ಎಂಬತ್ತರ ದಶಕದ ಮಧ್ಯದಲ್ಲಿ, ಚಿಕ್ಕೋಡಿ ತಾಲ್ಲೂಕಿನ ನಮ್ಮೂರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಯಲು ಪೆನ್ಸಿಲ್ ಇದ್ದರೆ ಸಾಕಿತ್ತು. ಸರ್ ಒಂದು ಸಾಲು ಓದಿ ಅದರ ಕನ್ನಡ ಅರ್ಥ ಹೇಳುತ್ತಿದ್ದರು. ನಾವು ಅದನ್ನು ಆ ಸಾಲಿನ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆವು. ಪದ್ಯಕ್ಕೂ ಅದೇ ಉಪಚಾರ.

ಒಂಬತ್ತನೇ ತರಗತಿಯಲ್ಲಿ ನನಗೆ ಬರೆದುಕೊಳ್ಳುವ ಕಷ್ಟವೂ ಇರಲಿಲ್ಲ. ನಮ್ಮ ತಾಲ್ಲೂಕಿನದೇ ಊರಾದ ಭೋಜದಲ್ಲಿದ್ದ ಅತ್ತೆಯ ಮಗ ಓದಿ ಮುಗಿಸಿದ ಪುಸ್ತಕ ನನ್ನ ಪಾಲಿಗೆ ಬಂದಿತ್ತು. ಅವನು ಮರಾಠಿ ಶಾಲೆಯವನು. ಇಂಗ್ಲಿಷ್ ಪಾಠಗಳು ಎರಡೂ ಕಡೆ ಅವೇ, ನೆತ್ತಿಯ ಮೇಲಿನ ಅರ್ಥ ಮಾತ್ರ ಮರಾಠಿ. ನಮ್ಮ ಮನೆಯ ಅರ್ಧ ಬೈಗುಳ ಮರಾಠಿಯಲ್ಲೇ ನಡೆಯುತ್ತಿದ್ದುದರಿಂದ ನನಗದು ಸಲೀಸಾಗಿ ಬರುತ್ತಿತ್ತು. ಸರ್ ಎಬ್ಬಿಸಿದರೆ ಪುಸ್ತಕವನ್ನು ಅವರಿಗೆ ಕಾಣದಂತೆ ಎದೆಯ ಹತ್ತಿರ ಹಿಡಿದು, ಮರಾಠಿ ನೋಡಿ ಕನ್ನಡ ಹೇಳುತ್ತಿದ್ದೆ. ಇನ್ನೂ ಕಲಿಸದ ಪಾಠವನ್ನೂ ಹೇಳುತ್ತಿದ್ದೆ. ಸರ್ ಅದನ್ನು ಪ್ರತಿಭೆ ಎಂದು ತಿಳಿದರು. ಕೆಲವು ತಿಂಗಳಲ್ಲಿ ನಾನೂ ಹಾಗೇ ತಿಳಿದೆ.

ಸರ್ ಧಾರವಾಡ ಕಡೆಯವರು, ಮೂರು ವರ್ಷದಿಂದ ತಾತ್ಕಾಲಿಕ ನೌಕರಿಯಲ್ಲಿದ್ದರು. ಆ ಚಳಿಗಾಲ ತಪಾಸಣೆಗೆ ಬರುವ ಸಾಹೇಬರು ಬರೆಯುವ ಷರಾವನ್ನೇ ಅವರು ಕಾಯಂ ಆಗುವುದು ಅವಲಂಬಿಸಿತ್ತು. ಹಿಂದಿನ ದಿನ ನನ್ನನ್ನು ಕರೆದು ಹೇಳಿದರು, ‘ನಾಳೆ ನಿನ್ನನ್ನ ಎಬ್ಬಸ್ತೀನಿ. ನನ್ನ ಮಾನ ನಿನ್ನ ಕೈಯಾಗ ಐತಿ, ತಮ್ಮಾ.’ ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ.

ಸಾಹೇಬರು ಮೈಸೂರು ಕಡೆಯವರು. ತರಗತಿಗೆ ಬಂದವರೇ ಒಂದು ಪಠ್ಯಪುಸ್ತಕ ಕೇಳಿದರು. ಸರ್ ಹೆಮ್ಮೆಯಿಂದ ನನ್ನದನ್ನೇ ಎತ್ತಿ ಕೊಟ್ಟು, ಇವನನ್ನೇ ಕೇಳಿ ಎಂದರು. ಸಾಹೇಬರು ಸಂಜೆ ಮನೆಗೆ ಮರಳುವ ಕುರಿಗಳ ಕುರಿತ ಪದ್ಯವೊಂದನ್ನು ತೆರೆದು, ಎರಡು ಸಾಲು ಓದಿ ಅರ್ಥ ಕೇಳಿದರು. ಪುಸ್ತಕವಿಲ್ಲದ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಸಾಹೇಬರು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದರು.

‘ಏನ್ರೀ ಮೇಷ್ಟ್ರೇ, ಕನ್ನಡ ಶಾಲೆಯಲ್ಲಿ ಮರಾಠಿ ಹೇಳಿಕೊಡ್ತಿದ್ದೀರಾ?’

ಗಡಿ ಭಾಗದಲ್ಲಿ ಇಂಥ ಷರಾ ಬಿದ್ದರೆ ನೌಕರಿ ಉಳಿಯುವುದಿಲ್ಲವೆಂದು ನಮಗೂ ಗೊತ್ತಿತ್ತು. ಸರ್ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಪುಸ್ತಕ ಭೋಜದಿಂದ ಬಂದದ್ದು ಎಂಬ ಒಂದು ವಾಕ್ಯ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಬೇರೆ ಯಾರಾದರೂ ಹೇಳುತ್ತೀರಾ, ಸಂಜೆ ಮನೆಗೆ ಮರಳುವಾಗ ಆ ಕುರಿಗಳಿಗೆ ಏಕೆ ಅಷ್ಟು ಅವಸರ ಎಂದು ಸಾಹೇಬರು ಕೇಳಿದರು. ಕುರಿ ಕಾಯುವ ಮನೆಯ ಹುಡುಗಿಯೊಬ್ಬಳು ಎದ್ದಳು. ವಾರಕ್ಕೆ ಎರಡು ದಿನ ಶಾಲೆ ತಪ್ಪಿಸುತ್ತಿದ್ದವಳು.

‘ಮರಿ ಹಟ್ಟ್ಯಾಗ ಬಿಟ್ಟು ಹೋಗಿರ್ತಾವ್ರಿ. ಸಂಜಿ ಆತಂದ್ರ ಮೊಲಿ ಬಿಗಿತಾವು, ಅದಕ್ಕ ಓಡತಾವ್ರಿ.’

ಸಾಹೇಬರು ಮತ್ತೆ ಪದ್ಯ ನೋಡಿದರು. ಮರಿಗಳು ಕರೆಯುತ್ತಿವೆ ಎಂಬ ಮಾತು ಅದರಲ್ಲಿ ಇತ್ತಂತೆ. ಅವಳ ಪುಸ್ತಕವನ್ನೂ ತರಿಸಿಕೊಂಡು, ಹಿಂದಿನ ಪಾಠಗಳ ಮೇಲೆ ಕನ್ನಡವೇ ಇರುವುದನ್ನು ಕಂಡರು. ನನ್ನ ಪುಸ್ತಕದ ಮೊದಲ ಪುಟದಲ್ಲಿ ಅತ್ತೆಯ ಮಗನ ಹೆಸರು, ಊರು, ಶಾಲೆ ಇದ್ದವು. ಅದನ್ನು ಓದಿ ನನ್ನತ್ತ ನೋಡಿದರು. ಷರಾ ಚೆನ್ನಾಗಿಯೇ ಬಿತ್ತು. ಸರ್ ಬೇಸಿಗೆಯೊಳಗೆ ಕಾಯಂ ಆದರು.

ಸಾಹೇಬರು ಹೋದ ಮೇಲೆ ಸರ್ ನನ್ನನ್ನು ಹೊಡೆಯಲಿಲ್ಲ. ಒಂದು ರಬ್ಬರ್ ಕೊಟ್ಟು, ಸೋಮವಾರದೊಳಗೆ ಪುಸ್ತಕ ಪೂರ್ತಿ ಅಳಿಸಿ ತರಲು ಹೇಳಿದರು. ‘ನಿನ್ನ ಇಂಗ್ಲಿಷ್ ಭಾಳ ಚಂದ ಐತಿಪಾ, ಮರಾಠಿ ಇರೂತನಕ’ ಎಂದರು.

ಅಳಿಸಿದೆ. ಸಿಟ್ಟಿನಲ್ಲಿ ತಿಕ್ಕಿ ಕುರಿಗಳ ಪುಟವನ್ನೇ ಹರಿದೆ. ಕೊನೆಗೆ ಆ ಕುರಿ ಕಾಯುವ ಹುಡುಗಿಯ ಪುಸ್ತಕ ಕೇಳಲು ಹೋಗಬೇಕಾಯಿತು.

‘ಒಯ್ಯಿ. ಆದ್ರ ಆ ಪದ್ಯಕ್ಕ ಅರ್ಥ ಬರಕೊಂಡಿಲ್ಲ. ಸರ್ ಅದನ್ನ ಕಲಿಸಿದ ದಿನ ನಾ ಕುರಿ ಹಿಂದ ಇದ್ನಿ’ ಎಂದಳು.

ಪುಟ ತೆರೆದೆ. ಅಲ್ಲಿ ಇಂಗ್ಲಿಷ್ ಬಿಟ್ಟರೆ ಬೇರೇನೂ ಇರಲಿಲ್ಲ. ಒಟ್ಟು ಹದಿನಾರು ಸಾಲು. ಮೊದಲನೆಯದಕ್ಕೇ ನನಗೆ ಒಂದು ಗಂಟೆ ಹಿಡಿಯಿತು.